ಬೆಂಚು ತೆಗೆಸಿದ ಮ್ಯಾನೇಜರ್

ನಮ್ಮ ಮ್ಯಾನೇಜರ ಎಡಗೈಯಲ್ಲಿ, ವಾಚ್ ಕಟ್ಟುವ ಜಾಗದಲ್ಲಿ, ಹೆಂಗಸರು ತಲೆಗೆ ಹಾಕುವ ರಬ್ಬರ್ ಬ್ಯಾಂಡ್ ಇರ್ತಿತ್ತು. ಒಂದಲ್ಲ. ಕೆಂಪು, ಹಸಿರು, ಹೂವಿನದ್ದು, ಹೊಳೆಯುವಂಥದ್ದು, ಹೀಗೆ ಒಂದು ಮುಷ್ಟಿ. ಐವತ್ತು ದಾಟಿದ ಗಂಡಸು, ದಪ್ಪ ಮೀಸೆ, ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಇದು. ಸಿಟಿ ಬಸ್ಸಿನ ಕಂಡಕ್ಟರ್ ಕೂಡ ಕೇಳ್ತಿದ್ದ, "ಎಂತ ಸಾರ್, ಫ್ಯಾನ್ಸಿ ಅಂಗಡಿ ಇಟ್ಟಿದ್ದೀರಾ?"

ಪಡೀಲಿನಿಂದ ಸ್ವಲ್ಪ ಒಳಗೆ ಇರುವ ನಮ್ಮ ಪಾರ್ಕಿನಲ್ಲಿ ಒಂದು ದೊಡ್ಡ ಬೋಟ್ ಉಂಟು. ನೀರಿನದ್ದಲ್ಲ, ಉಯ್ಯಾಲೆ ಹಾಗೆ ಹಿಂದೆ ಮುಂದೆ ತೂಗುವಂಥದ್ದು. ಕೂದಲು ಬಿಟ್ಟವರನ್ನು ಅದಕ್ಕೆ ಹತ್ತಿಸಬಾರ್ದು ಅಂತ ರೂಲ್ಸ್. ಅದರ ಗೇಟಿನಲ್ಲಿ ನಿಲ್ಲುದು ನನ್ನ ಕೆಲಸ. "ಕೂದಲು ಕಟ್ಟಿ ಅಕ್ಕ" ಅಂತ ಹೇಳಿದ್ರೆ ಸಾಕು, ಹೆಂಗಸರು "ಬ್ಯಾಂಡ್ ತರ್ಲಿಲ್ಲ, ಬೇಡ ಬಿಡಿ, ಮಕ್ಕಳು ಹೋಗ್ಲಿ" ಅಂತ ಹಿಂದೆ ಸರಿತಿದ್ರು. ಅವರಿಗೂ ಒಂದು ನೆವ ಸಿಕ್ಕಿದ ಹಾಗೆ. ಅಷ್ಟರಲ್ಲಿ ಎಲ್ಲಿಂದಲೋ ಮ್ಯಾನೇಜರ್ ಬಂದು ಕೈ ಮುಂದೆ ಮಾಡ್ತಿದ್ರು. "ಯಾವ ಕಲರ್ ಬೇಕು ಹೇಳಿ."

ಅವರು ಕೂತದ್ದು ನಾನು ನೋಡಿದ್ದೇ ಇಲ್ಲ. ಚಾ ಕೂಡ ನಡೆದುಕೊಂಡೇ ಕುಡಿಯುದು, ಗ್ಲಾಸನ್ನು ಎಲ್ಲಿಯಾದ್ರೂ ಬಿಡುದು. ಒಂದು ಸಲ ಮಕ್ಕಳ ರೈಲಿನ ಇಂಜಿನ್ ಒಳಗೆ ಸಿಕ್ಕಿತ್ತು. ಸ್ವಲ್ಪ ಕೂತ್ಕೊಳ್ಳಿ ಸಾರ್ ಅಂದ್ರೆ, "ಕೂತ್ರೆ ನನಗೆ ಕಾಲು ಸೆಳೀತದೆ ಮಾರಾಯ" ಅಂತಿದ್ರು.

ಒಂದು ವರ್ಷ ಬೇಸಿಗೆ ರಜೆಯ ಮೊದಲು ಧಣಿಗಳು ದುಬೈಯಿಂದ ಬಂದ್ರು. ಎಲ್ಲ ಸುತ್ತಿ ನೋಡಿ ನಮ್ಮ ಎದುರೇ ಹೇಳಿದ್ರು, "ಮಕ್ಕಳು ಆಡ್ತಾರೆ, ದೊಡ್ಡವರು ಬೆಂಚಿನಲ್ಲಿ ತೂಕಡಿಸ್ತಾರೆ. ಹೀಗಾದ್ರೆ ಪಾರ್ಕ್ ನಡೆಯುದಿಲ್ಲ. ಈ ರಜೆಯಲ್ಲಿ ದೊಡ್ಡವರನ್ನು ರೈಡಿಗೆ ಹತ್ತಿಸಿ ತೋರಿಸಿ. ಇಲ್ಲದಿದ್ರೆ ಆ ಮಕ್ಕಳ ರೈಲು ತೆಗೆದು ಅಲ್ಲಿ ಡಿಜೆ ಹಾಕುವ. ಫ್ಯಾಮಿಲಿಯವರೆಲ್ಲ ಐದು ಗಂಟೆಗೆ ಹೊರಗೆ. ಆಮೇಲೆ ಕಾಲೇಜಿನವರು ಬರ್ಲಿ."

ಆ ರೈಲನ್ನು ಲಾರಿಯಲ್ಲಿ ತರಿಸಿ, ಒಂದೊಂದೇ ಹಳಿ ಜೋಡಿಸಿ ನಿಲ್ಲಿಸಿದ್ದು ಮ್ಯಾನೇಜರೇ. ಮರುದಿನ ಬೆಳಿಗ್ಗೆ ನಾನು ಬರುವಾಗ ಪಾರ್ಕಿನಲ್ಲಿ ಒಂದೇ ಒಂದು ಬೆಂಚ್ ಇಲ್ಲ. ಎಲ್ಲ ಶೆಡ್ಡಿನ ಒಳಗೆ.

"ಕೂರ್ಲಿಕ್ಕೆ ಜಾಗ ಇಲ್ಲದಿದ್ರೆ ಹತ್ತಿಯೇ ಹತ್ತುತ್ತಾರೆ, ನೋಡ್ತಾ ಇರು" ಅಂದ್ರು.

ಯಾರೂ ಹತ್ಲಿಲ್ಲ. ಬ್ಯಾಗು, ಚಪ್ಪಲಿ, ನೀರಿನ ಬಾಟ್ಲಿ ಹಿಡ್ಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಾ ನಿಂತ್ರು. ಮಧ್ಯಾಹ್ನ ಆಗುವಾಗ "ಸಾಕು, ಮನೆಗೆ ನಡೀರಿ" ಅಂತ ಮಕ್ಕಳಿಗೆ ಬೈಲಿಕ್ಕೆ ಶುರು. ಮ್ಯಾನೇಜರ್ ಬ್ಯಾಂಡ್ ಹಿಡ್ಕೊಂಡು ಆಚೆಯಿಂದ ಈಚೆ ಓಡುದೇ ಓಡುದು. ಅವರನ್ನು ನೋಡಿ ನನಗೂ ನಿಂತಲ್ಲಿ ನಿಲ್ಲಲಿಕ್ಕೆ ಆಗ್ತಿರ್ಲಿಲ್ಲ.

ಒಂದು ಆದಿತ್ಯವಾರ ನನ್ನ ಹೆಂಡತಿ ಮಗಳನ್ನು ಕರ್ಕೊಂಡು ಬಂದಿದ್ದಳು. ತಲೆಗೆ ಸ್ನಾನ ಮಾಡಿ ಕೂದಲು ಹಾಗೇ ಬಿಟ್ಟಿದ್ದಳು. ಬೆಂಚ್ ಇಲ್ಲ ಅಂತ ಗೊತ್ತಾದ ಕೂಡಲೇ ಬೋಟಿನ ಗೇಟಿನ ಹತ್ತಿರ ನೆಲದಲ್ಲೇ ಶಾಲು ಹಾಸಿ ಕೂತಳು. ಮ್ಯಾನೇಜರ್ ಓಡಿ ಬಂದ್ರು. ಅವಳು ಯಾರಂತ ಅವರಿಗೆ ಗೊತ್ತಿಲ್ಲ.

"ಎಂತಕ್ಕ ಇದು, ದಾರಿಯಲ್ಲಿ ಕೂತದ್ದು? ಏಳಿ, ಬೋಟಿಗೆ ಹತ್ತಿ. ಬ್ಯಾಂಡ್ ನಾನು ಕೊಡ್ತೇನೆ."

"ಬೆಂಚ್ ತೆಗೆಸಿದ್ದು ನೀವಾ?"

"ಹೌದು."

"ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ? ವಾರ ಇಡೀ ಬೀಡಿ ಕಟ್ಟಿ, ಅಡುಗೆ ಮಾಡಿ, ಮಕ್ಕಳ ಹಿಂದೆ ಓಡಿ ಸಾಕಾಗಿದೆ. ಒಂದು ದಿನ ಸುಮ್ಮನೆ ಕೂರುವ ಅಂತ ಬಂದದ್ದು. ನನಗೆ ಇದೇ ರೈಡು. ಬೇಕಾದ್ರೆ ಇದಕ್ಕೂ ಟಿಕೆಟ್ ಹರೀರಿ!"

ಬೋಟ್ ತೂಗ್ತಾ ಇತ್ತು, ಗೇಟ್ ಬಿಟ್ಟು ಹೋಗುವ ಹಾಗಿಲ್ಲ. ನನ್ನ ಕೆಲಸ ಇವತ್ತಿಗೆ ಮುಗೀತು ಅಂತ ಗ್ರಹಿಸಿದೆ. ಮ್ಯಾನೇಜರ್ ನಿಂತಲ್ಲೇ ನಿಂತ್ರು. ಅವರ ಕಾಲು ಅಲ್ಲಾಡದ್ದು ಅವತ್ತೇ ನೋಡಿದ್ದು. ಬೋಟ್ ನಿಂತ ಮೇಲೆ ನನ್ನ ಹತ್ತಿರ ಬಂದು, "ಯಾರು ಮಾರಾಯ ಅದು?" ಅಂದ್ರು.

"ನನ್ನ ಹೆಂಡತಿ ಸಾರ್. ತಪ್ಪಾಯ್ತು."

"ತಪ್ಪು ಎಂತದ್ದು? ಬಾ, ಬೆಂಚಿನ ಆ ಕಡೆ ಹಿಡಿ."

ಇಬ್ಬರೂ ಸೇರಿ ಶೆಡ್ಡಿನಿಂದ ಒಂದು ಬೆಂಚ್ ತಂದು ಹಲಸಿನ ಮರದ ಅಡಿ ಹಾಕಿದೆವು. ಅವಳು ಕೂತಳು. ಅವರೇ ಚಾ ಕಳಿಸಿದ್ರು. ಆಮೇಲೆ ಅವಳ ಎದುರಿನಿಂದ ಹೋಗುದು ಬರುದು, ಬೋಟಿಗೆ ಹತ್ತುತ್ತೀರಾ ಅಂತ ಕೇಳ್ಲಿಕ್ಕೆ ಬಾಯಿ ತೆರೆಯುದು, ಮುಚ್ಚುದು. ಅವರ ಅವಸ್ಥೆ ನೋಡಿ ನನಗೆ ನಗು.

ಚಾ ಮುಗಿದು ಬಹಳ ಹೊತ್ತಾದ ಮೇಲೆ ಅವಳು ತಾನಾಗಿಯೇ ಎದ್ದಳು. ಚಪ್ಪಲಿ, ಬ್ಯಾಗು ಎಲ್ಲ ಮಗಳ ಕೈಗೆ ಕೊಟ್ಟು ಮ್ಯಾನೇಜರ ಎದುರು ಬಂದು ಕೈ ಚಾಚಿದಳು. "ಕೂತದ್ದು ಸಾಕಾಯ್ತು. ಆ ಕೆಂಪು ಬ್ಯಾಂಡ್ ಕೊಡಿ."

ಬೋಟ್ ಮೇಲೆ ಹೋದಾಗ ಅವಳು ಒಂದು ಬೊಬ್ಬೆ ಹೊಡೆದಳು. ಮದುವೆಯಾದ ಮೇಲೆ ಅವಳ ಅಷ್ಟು ದೊಡ್ಡ ಸ್ವರ ನಾನು ಕೇಳಿದ್ದಿಲ್ಲ, ನನಗೆ ಬೈಯುವಾಗ ಕೂಡ.

ಮರುದಿನ ಬೆಂಚೆಲ್ಲ ಹೊರಗೆ ಬಂತು. ಕೂತವರನ್ನು ಯಾರೂ ಎಬ್ಬಿಸಬಾರ್ದು ಅಂತ ಆರ್ಡರ್ ಆಯ್ತು. ಸಂಜೆ ನಾಲ್ಕರಿಂದ ಐದರವರೆಗೆ ಬೋಟಿಗೆ ದೊಡ್ಡವರು ಮಾತ್ರ. ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಬೆಂಚಿನಲ್ಲಿ, ಮಡಿಲಲ್ಲಿ ಅಮ್ಮನ ಚಪ್ಪಲಿ, ಅಪ್ಪನ ಮೊಬೈಲು. "ಅಮ್ಮಾ, ಕಣ್ಣು ಮುಚ್ಚಬೇಡ!" ಅಂತ ಕೆಳಗಿನಿಂದ ಬೊಬ್ಬೆ. ರಜೆ ಮುಗಿಯುವಾಗ ಧಣಿಗಳು ಬಂದು, ಆ ಒಂದು ಗಂಟೆ ನಿಂತು ನೋಡಿದ್ರು. "ರೈಲು ಇರ್ಲಿ. ಡಿಜೆ ಶನಿವಾರ ಸಂಜೆ ಮಾತ್ರ ಸಾಕು" ಅಂದು ಹೋದ್ರು. ನಮಗೆಲ್ಲ ಖುಷಿ. ಮ್ಯಾನೇಜರಿಗೆ ಅದರಲ್ಲೂ ಸಮಾಧಾನ ಇಲ್ಲ. "ಒಂದು ಶನಿವಾರ ಹೋಯ್ತಲ್ಲ ಮಾರಾಯ" ಅಂತ ಮತ್ತೆ ನಡಿಗೆ ಶುರು.

ಕಳೆದ ಮಳೆಗಾಲದಲ್ಲಿ ಅವರಿಗೆ ಹಾರ್ಟ್ ಅಟ್ಯಾಕ್ ಆಯ್ತು. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದ್ರು. ಕುಲಶೇಖರದಲ್ಲಿದ್ದ ಅವರ ಮನೆಗೆ ನಾವಿಬ್ಬರೂ ಹೋದೆವು. ಕೈಯಲ್ಲಿ ಬ್ಯಾಂಡ್ ಇರ್ಲಿಲ್ಲ. ಅದು ಇದ್ದ ಜಾಗದಲ್ಲಿ ಬಿಸಿಲು ತಾಗದ ಬಿಳಿ ಗೆರೆಗಳು ಹಾಗೇ ಇದ್ವು. ಹೊರಗೆ ಬಂದ ಮೇಲೆ ನನ್ನ ಹೆಂಡತಿ, "ಈಗಾದ್ರೂ ಸ್ವಲ್ಪ ಮಲಗಿದ್ರಲ್ಲ" ಅಂದಳು.

ಈಗ ಬ್ಯಾಂಡ್ ನನ್ನ ಕೈಯಲ್ಲಿ. ಕಾಲೂ ಅವರದ್ದೇ ಬಂದ ಹಾಗೆ, ಒಂದು ಕಡೆ ನಿಲ್ಲುದಿಲ್ಲ. ಯಾರಾದ್ರೂ ಬೆಂಚಿನಲ್ಲಿ ಕೂತ್ರೆ ಎಬ್ಬಿಸ್ಲಿಕ್ಕೆ ಬಾಯಿ ತುರಿಸ್ತದೆ. ಎಬ್ಬಿಸುದಿಲ್ಲ, ಕಾಯ್ತೇನೆ. ಮೊನ್ನೆ ಉರ್ವದಿಂದ ಮೊಮ್ಮಕ್ಕಳೊಟ್ಟಿಗೆ ಬಂದ ಒಬ್ಬರು ಅಮ್ಮ ಬಹಳ ಹೊತ್ತು ಕೂತು, ಕೊನೆಗೆ ಎದ್ದು ಸೀದ ಗೇಟಿಗೆ ಬಂದ್ರು. ತುರುಬು ಗಟ್ಟಿಯಾಗಿ ಕಟ್ಟಿತ್ತು, ಬ್ಯಾಂಡ್ ಬೇಕಂತ ಇರ್ಲಿಲ್ಲ.

"ಎಲ್ಲರಿಗೂ ಕೊಡ್ತೀರಲ್ಲ, ನನಗೂ ಒಂದು ಕೊಡಿ ಮಗ" ಅಂದ್ರು.

ನಾನು ಕೈ ಮುಂದೆ ಮಾಡಿದೆ. "ಯಾವ ಕಲರ್ ಬೇಕು ಹೇಳಿ."