ಕೂತು ಮಾಡುವ ಕೆಲಸ

ಸಾಗರದ ಆ ಅಕ್ಕಿ ಗಿರಣಿಯ ಸಾಹುಕಾರನ ಮೇಲೆ ನನಗೆ ಇವತ್ತಿಗೂ ಕನಿಕರವಿಲ್ಲ. ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು ಅಂತ ಮಗಳು ಗದರುತ್ತಾಳೆ. ಆಡುತ್ತೇನೆ.

ಅರವತ್ತರ ದಶಕ. ನಾವೊಂದಿಷ್ಟು ಹೆಂಗಸರು ಅಲ್ಲಿ ಕೂಲಿಗಿದ್ದೆವು. ಹೊಸನಗರ, ತೀರ್ಥಹಳ್ಳಿ ಕಡೆಗೆಲ್ಲ ಹೋಗುವ, ಭತ್ತ ಬೇಯಿಸಿ ಮಾಡುವ ಕುಸುಬಲಕ್ಕಿಯ ಗಿರಣಿ ಅದು. ಬೆಂದ ಭತ್ತವನ್ನು ಬಿಸಿಯಿರುವಾಗಲೇ ಬುಟ್ಟಿಗೆ ತುಂಬಿ, ತಲೆಮೇಲೆ ಹೊತ್ತು, ಅಂಗಳದಲ್ಲಿ ಹರವಬೇಕು. ರಾಶಿಯಲ್ಲೇ ಬಿಟ್ಟರೆ ಹಳಸಿ ನಾರುತ್ತದೆ. ಬಿಸಿನೀರು ಸೋರಿ ಸೋರಿ ನನ್ನ ನೆತ್ತಿಯ ಕೂದಲೇ ಉದುರಿಹೋಗಿತ್ತು. ಗಂಡ ಕಾಯಿಲೆ ಬಿದ್ದಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಈ ಕೂಲಿಯಿಂದಲೇ.

ಗಿರಣಿ ಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಲು ಸರ್ಕಾರ ಒಂದು ಸಮಿತಿ ಮಾಡಿತು. ಮಾಲೀಕರ ಪರವಾಗಿ ಅದರಲ್ಲಿ ನಮ್ಮ ಸಾಹುಕಾರನೂ ಇದ್ದ. ಸಮಿತಿಯವರು ಗಿರಣಿ ನೋಡಲು ಬಂದ ದಿನ ಅವನು ಬಾಯ್ಲರನ್ನೇ ಹಚ್ಚಿಸಲಿಲ್ಲ. ನಮ್ಮ ಕೈಗೆಲ್ಲ ಮೊರ ಕೊಟ್ಟು ನೆರಳಲ್ಲಿ ಸಾಲಾಗಿ ಕೂರಿಸಿದ. ಅಧಿಕಾರಿಯೊಬ್ಬರು ನನ್ನ ಮುಂದೆ ನಿಂತು, "ಏನ್ ಕೆಲಸ ಮಾಡ್ತೀರಮ್ಮಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರ ನಕ್ಕ.

"ಇವ್ರದ್ದೆಂತ ಸಾರ್, ಕೂತ್ಕಂಡು ಕಲ್ಲು ಆರ್ಸೋದು. ಮನೇಲಿ ಮಾಡಿದ ಹಾಂಗೇ."

ಅಧಿಕಾರಿ ಬರೆದುಕೊಂಡು ಮುಂದೆ ಹೋದರು.

ಕೆಲವು ತಿಂಗಳಿಗೆ ದರ ಪ್ರಕಟವಾಯಿತು. ಗೋಡೆಗೆ ಅಂಟಿಸಿದ್ದನ್ನು ಗಿರಣಿಯ ಲೆಕ್ಕ ಬರೆಯುವ ರೈಟರ್ ಓದಿ ಹೇಳಿದ. ಹೊರುವ ಗಂಡಸರಿಗೆ ಒಂದು ದರ. ಹೆಂಗಸರದು ಕೂತು ಮಾಡುವ ಹಗುರ ಕೆಲಸವಾದ್ದರಿಂದ ಅದರ ಅರ್ಧ. ಸಾಹುಕಾರ ವರದಹಳ್ಳಿಯ ಆಶ್ರಮಕ್ಕೆ ಹೋಗಿ ಕೈಮುಗಿದು ಬಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಭತ್ತ ಬೆಂದು ರಾಶಿ ಬಿತ್ತು. ನಾವೆಲ್ಲ ಮೊರ ಹಿಡಿದು ನೆರಳಲ್ಲಿ ಕೂತೆವು.

"ಎಂತ ಕೂತ್ಕಂಡಿದೀರಿ? ಹೊರ್ರೇ!"

"ಹೊರೋದು ಗಂಡಸ್ರ ಕೆಲ್ಸ ಸಾವ್ಕಾರ್ರೇ. ಸರ್ಕಾರ್ದೋರೇ ಬರ್ದಿದಾರಲಾ," ಎಂದೆ.

ಬೈದ, ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದ. ಆದರೆ ಕೊಯ್ಲಿನ ಕಾಲ; ಊರಿನ ಹೆಣ್ಣಾಳುಗಳೆಲ್ಲ ಗದ್ದೆಯಲ್ಲಿದ್ದರು. ಲಾರಿ ತುಂಬುವ ಗಂಡಸರನ್ನು ಕರೆದ. ಹೆಗಲಮೇಲೆ ಚೀಲ ಹೊತ್ತು ಗೊತ್ತಿದ್ದವರು ಅವರು. ಬುಟ್ಟಿ ತಲೆಗಿಟ್ಟದ್ದೇ ಬಿಸಿನೀರು ಕುತ್ತಿಗೆಗೆ ಇಳಿದು, ಕೂಗಿಕೊಂಡು ಅಲ್ಲೇ ಎತ್ತಿಹಾಕಿದರು. ನಾವು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕೆವು.

ಮಧ್ಯಾಹ್ನದ ಹೊತ್ತಿಗೆ ಸಾಹುಕಾರನ ದನಿ ಮೆತ್ತಗಾಯಿತು. "ಗಂಡಸ್ರ ಕೂಲೀನೇ ಕೊಡ್ತೀನಿ. ಏಳ್ರೇ ತಾಯಿ."

ಪಕ್ಕದವಳು ಏಳಹೊರಟಳು. ಅವಳ ಸೆರಗು ಹಿಡಿದೆಳೆದು ಕೂರಿಸಿದೆ. "ನಮ್ಗೆ ಹೇಳಿ ಎಂತ ಬಂತು? ಸರ್ಕಾರ್ದೋರಿಗೆ ಹೇಳಿ."

ಬೇರೆ ದಾರಿಯಿಲ್ಲದೆ ಪೇಟೆಯಲ್ಲಿದ್ದ ಕಾರ್ಮಿಕ ಇನ್‌ಸ್ಪೆಕ್ಟರರನ್ನು ಕರೆತಂದ. ನಮ್ಮೆಲ್ಲರ ಎದುರು ನಿಂತು, ನೆಲ ನೋಡುತ್ತ, "ಇವ್ರೂ ಹೊರ್ತಾರೆ ಸಾರ್. ಅವತ್ತು ನಾನು ಸುಳ್ಳು ಹೇಳ್ದೆ," ಅಂದ. ಇನ್‌ಸ್ಪೆಕ್ಟರರು ಬರೆದು ರುಜು ಹಾಕಿಸಿಕೊಂಡರು. ಮುಂದಿನ ಸಲ ಸರ್ಕಾರ ದರ ಬದಲಿಸಿದಾಗ ಭತ್ತ ಹೊರುವವರು ಗಂಡಸಾಗಲಿ ಹೆಂಗಸಾಗಲಿ ಒಂದೇ ಕೂಲಿ ಅಂತಾಯಿತು.

ಆದರೆ ಅವತ್ತು ನನಗೆ ಅಷ್ಟು ಸಾಲಲಿಲ್ಲ. ರುಜು ಹಾಕಿದ ಸಾಹುಕಾರ ಓಡಿಬಂದು, "ಈಗಾದ್ರೂ ಏಳ್ರೇ, ಭತ್ತ ಹೋಗ್ತದೆ!" ಎಂದು ಅಂಗಲಾಚಿದ. ಹೆಂಗಸರೆಲ್ಲ ನನ್ನ ಮುಖ ನೋಡಿದರು. ರಾಶಿಯ ಹಳಸಲು ವಾಸನೆ ಅವನ ಮೂಗಿಗೂ ಬಡಿಯುವವರೆಗೆ ನಾನು ಏಳಲಿಲ್ಲ.