ಇಲ್ಲದ ಗೋಡೆಯ ನಕ್ಷೆ

ಕೈಗೆ ಪೆನ್ನು ಸಿಕ್ಕರೆ ಈಗಲೂ ನಾನೊಂದು ಚೌಕ ಬರೆಯುತ್ತೇನೆ. ಲಗ್ನಪತ್ರಿಕೆಯ ಬೆನ್ನಾದರೂ ಸರಿ, ಬಸ್ಸಿನ ಟಿಕೀಟಾದರೂ ಸರಿ. ಚೌಕದ ಒಂದು ಮೂಲೆಯಲ್ಲಿ ಒಲೆ, ಎದುರು ಮೂಲೆಯಲ್ಲಿ ಊಟದ ಪಂಕ್ತಿ, ನಡುವೆ ಏನೂ ಇಲ್ಲ. ಗೋಡೆಯನ್ನಾದರೆ ಗೆರೆ ಎಳೆದು ತೋರಿಸಬಹುದು. ಗೋಡೆ ಇಲ್ಲದ್ದನ್ನು ತೋರಿಸಲು ಯಾವ ಗೆರೆ ಎಳೆಯಬೇಕೆಂದು, ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಓದಿದ ನನಗೆ ಯಾರೂ ಕಲಿಸಲಿಲ್ಲ. ಅದಕ್ಕೆ ಅಲ್ಲಿ ‘ಗೋಡೆ ಇಲ್ಲ’ ಎಂದು ಬರೆದು ಅಡಿಗೆರೆ ಹಾಕುತ್ತೇನೆ.

ದಿಗ್ಗೇವಾಡಿಯ ನಮ್ಮ ಮನೆಯಿಂದ ಎಮ್ಮೆಗಳು ತೋಟಕ್ಕೆ ಹೋದ ಮೇಲೆ ಹಿಂದಿನ ಕೊಟ್ಟಿಗೆಯ ಜಾಗ ಖಾಲಿಯಾಯಿತು. ಅಲ್ಲಿ ಹೊಸ ಅಡಿಗೆಮನೆ, ಊಟದ ಜಾಗ ಕಟ್ಟುವುದೆಂದು ಅಣ್ಣ ಹೇಳಿದ. ನಕ್ಷೆಯ ಕೆಲಸ ನನಗೆ ಬಂತು. ಮೊಘಲರ ವಂಶಾವಳಿ ಹೇಳಬಲ್ಲವನಿಗೆ ಒಲೆ ಎಲ್ಲಿಡಬೇಕೆಂಬುದೂ ಗೊತ್ತಿರುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ಸಾಂಗಲಿಯಲ್ಲಿ ನೆಂಟರೊಬ್ಬರ ಫ್ಲ್ಯಾಟಿನಲ್ಲಿ ನಾನು ಇಂಥ ಅಡಿಗೆಮನೆ ನೋಡಿದ್ದೆ. ಮನೆಯಾಕೆ ಚಪಾತಿ ಲಟ್ಟಿಸುತ್ತಲೇ ಊಟಕ್ಕೆ ಕೂತ ನಮ್ಮೊಡನೆ ಹರಟುತ್ತಿದ್ದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಗೋಡೆ ಕಟ್ಟಲು ಬಂದ ದಾದು ಗೌಂಡಿ ನನ್ನ ನಕ್ಷೆಯನ್ನು ಸುತ್ತಲೂ ತಿರುಗಿಸಿ ನೋಡಿದ.

“ನಡು ಗ್ವಾಡಿ ಎಲ್ಲೈತ್ರಿ?”

“ಇಲ್ಲ.”

“ಮರ್ತೀರೇನು?”

“ಬೇಕಂತನ ಬಿಟ್ಟೀನಿ.”

“ಹಂಗಾದ್ರ ಗೌಂಡಿ ಯಾಕ ಬೇಕ್ರಿ? ನಾಕ ಕಂಬಾ ನೆಟ್ಟ ಹಂದರಾ ಹಾಕ್ರಿ. ಲಗ್ನಕ್ಕೂ ಬರ್ತೈತಿ.”

ಗೌಂಡಿಯ ನಗೆಯನ್ನು ತಡೆದುಕೊಳ್ಳಬಹುದಿತ್ತು. ಅವ್ವನ ಪ್ರಶ್ನೆ ಕಠಿಣವಾಗಿತ್ತು. “ಬೀಗರು ಉಣ್ಣಾಕ ಕುಂತಾಗ ಭಕ್ರಿ ಕಮ್ಮಿ ಬಿದ್ರ ನಾವು ಒಬ್ಬರ ಮುಖಾ ಒಬ್ಬರು ಎಲ್ಲಿ ನೋಡ್ಕೋಬೇಕೋ? ಅವರ ಮುಂದನಾ?”

ಗೋಡೆ ಹೊಗೆ ತಡೆಯಲಿಕ್ಕೆ ಇರುತ್ತದೆಂದು ನಾನು ತಿಳಿದಿದ್ದೆ. ಅದರ ಹಿಂದೆ ಒಂದು ರಾಜ್ಯಭಾರವೇ ನಡೆಯುತ್ತಿತ್ತು. ಚಹಕ್ಕೆ ನೀರು ಬೆರೆಯುವುದು, ಬಂದವರ ಮಾತಿನ ಧಾಟಿಯನ್ನು ಅಣಕಿಸುವುದು, ಸೆರಗು ಬಾಯಿಗೆ ಒತ್ತಿಕೊಂಡು ನಗುವುದು ಎಲ್ಲ ಅಲ್ಲೇ. ಆ ನಗೆಯಲ್ಲಿ ನಮಗೆ ಪಾಲಿರಲಿಲ್ಲ. ಈಚೆ ಬರುತ್ತಿದ್ದುದು ಭಕ್ರಿ ಮಾತ್ರ. ಗುಹೆಯಲ್ಲಿದ್ದ ಮನುಷ್ಯ ಬೆಂಕಿಯ ಸುತ್ತಲೇ ಕೂತು ತಿಂದನೆಂದು ಓದಿದ್ದೇನೆ. ಬೆಂಕಿಗೂ ಬಾಯಿಗೂ ನಡುವೆ ಮೊದಲ ಗೋಡೆ ಎಬ್ಬಿಸಿದವನು ಯಾರೋ ತಿಳಿಯದು. ಅವನು ಭಕ್ರಿ ಬಡಿಯುವವನಾಗಿರಲಿಲ್ಲ, ಕೂತು ಕೂಗುವವನಾಗಿದ್ದ ಎಂದಷ್ಟೇ ಹೇಳಬಲ್ಲೆ.

ಇಷ್ಟೆಲ್ಲ ಸುತ್ತು ಹಾಕುವುದು ಒಂದು ಮಧ್ಯಾಹ್ನಕ್ಕೆ ಹೋಗುವುದನ್ನು ತಪ್ಪಿಸಲಿಕ್ಕೆ. ಆದರೂ ದಾರಿ ಅಲ್ಲಿಗೇ ಹೋಗುತ್ತದೆ.

ನಕ್ಷೆಯ ಮಾತು ಏಳುವುದಕ್ಕೂ ಮುಂಚಿನ ಮಳೆಗಾಲ. ಕಟ್ಟಿಗೆ ಹಸಿಯಾಗಿದ್ದವು. ಹಳೆಯ ಅಡಿಗೆಮನೆಯಲ್ಲಿ ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಪಂಪಿನ ಸ್ಟೋ ಮೇಲೆ ಅಡಿಗೆ ಮಾಡುತ್ತಿದ್ದರು. ಅವ್ವ ತೋಟದಲ್ಲಿದ್ದಳು. ಗೋಡೆಯ ಈಚೆ ಪಡಸಾಲೆಯಲ್ಲಿ ಅಣ್ಣ, ನಾನು ಊಟಕ್ಕೆ ಕೂತಿದ್ದೆವು. ರೇಡಿಯೋದಲ್ಲಿ ಕ್ರಿಕೆಟ್. ನನ್ನ ತಾಟಿನಲ್ಲಿ ಶೇಂಗಾ ಚಟ್ನಿ ಇರಲಿಲ್ಲ.

“ವೈನಿ, ಚಟ್ನಿ” ಎಂದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ.

“ತರ್ತಾಳ ತಡಿಯಲೇ. ಸ್ಟೋ ಸಪ್ಪಳದಾಗ ಕೇಳ್ಸಿಲ್ಲ” ಎಂದ ಅಣ್ಣ.

ನಮ್ಮಲ್ಲಿ ತಾಟಿನ ಮುಂದೆ ಕೂತ ಗಂಡಸು ಏಳುವುದಿಲ್ಲ. ನಾನು ಎದ್ದೆ. ಏನೋ ಸೂಚನೆ ಸಿಕ್ಕಿತ್ತು ಎಂದು ಹೇಳಿಕೊಳ್ಳಲು ಇಷ್ಟವೇ, ಆದರೆ ಅದು ಬರೀ ನಾಲಗೆಯ ಚಪಲ. ಹೋಗಿ ನೋಡಿದರೆ ಸ್ಟೋ ಭಗ್ಗನೆ ಮೇಲಕ್ಕೆ ಉರಿಯುತ್ತಿತ್ತು. ವೈನಿಯ ಸೆರಗು ಹತ್ತಿಕೊಂಡಿತ್ತು. ಅವರು ಚೀರುತ್ತಿರಲಿಲ್ಲ. ತುಟಿ ಬಿಗಿಹಿಡಿದು ಎರಡೂ ಕೈಯಿಂದ ಉರಿಯನ್ನು ಹಿಸುಕುತ್ತಿದ್ದರು. ಹಗ್ಗದ ಮೇಲೆ ಒಣಗಲು ಹಾಕಿದ್ದ ಹೊದೆಯುವ ಕೌದಿಯನ್ನು ಎಳೆದು ಅವರ ಮೇಲೆ ಹಾಕಿ ಅಪ್ಪಿ ಹಿಡಿದೆ. ಉರಿ ಆರಿತು. ಗೋಡೆಯಾಚೆ ಯಾರೋ ಬೌಂಡರಿ ಹೊಡೆದಿದ್ದರು. ರೇಡಿಯೋದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

ಮೀರಜಿನ ದವಾಖಾನೆಯಲ್ಲಿ ಕೆಲವು ದಿನ ಇದ್ದು ವೈನಿ ಮನೆಗೆ ಬಂದರು. ಎಡಗೈ ಮೇಲೆ ಕಲೆ ಉಳಿಯಿತು. ನನಗೆ ಉಳಿದದ್ದು ಒಂದು ಪ್ರಶ್ನೆ, ಊಟಕ್ಕೆ ಕೂತಾಗಲೆಲ್ಲ ಬರುತ್ತದೆ: ಆವತ್ತು ತಾಟಿನಲ್ಲಿ ಚಟ್ನಿ ಇದ್ದಿದ್ದರೆ?

ಇನ್ನೊಮ್ಮೆ ಅವರು ಗೋಡೆಯ ಹಿಂದೆ ಒಬ್ಬರೇ ಉರಿಯಬಾರದು. ನನ್ನ ವಾಸ್ತುಶಾಸ್ತ್ರವೆಲ್ಲ ಇಷ್ಟೇ. ನಕ್ಷೆಯನ್ನು ವೈನಿಯ ಮುಂದೆ ಹರಡಿ, ಎಲ್ಲಿ ಕೂತರೂ ಒಲೆ ಕಾಣುತ್ತದೆಂದು ವಿವರಿಸಿದೆ.

“ಅಂದ್ರ ನಾ ಬೇಯಿಸೂದು, ನೀವು ಕುಂತ ನೋಡೂದು. ಹೌದಲ್ರಿ?” ಎಂದರು ವೈನಿ.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರೇ ನಕ್ಷೆಯ ಮೇಲೆ ಬೆರಳಿಟ್ಟರು. “ಇಲ್ಲಿ ಸೊಂಟದಮಟ ಗ್ವಾಡಿ ಇರ್ಲಿ. ಅತ್ತಿಯವ್ರಿಗೆ ನಗಬೇಕನಿಸಿದ್ರ ಬಗ್ಗಿ ನಗ್ತಾರ. ಈ ಬಾಜೂಕ ದಾರಿ ಬಿಡ್ರಿ. ಬಾಗಲಾ ಬ್ಯಾಡ.”

ಹಾಗೆಯೇ ಕಟ್ಟಿಸಿದೆವು. ಮೊದಲ ದಿನದ ಊಟಕ್ಕೆ ನಾನು ಒಲೆಯ ಎದುರಿನ ಜಾಗ ಹಿಡಿದೆ. “ಉಣ್ಣಾಕ ಕುಂತೀಯೋ, ಕಾವಲಕ್ಕ ಕುಂತೀಯೋ?” ಎಂದ ಅಣ್ಣ. ತಾಟು ಬಂತು. ಭಕ್ರಿ, ಝುಣಕ, ಉಳ್ಳಾಗಡ್ಡಿ ಎಲ್ಲ ಇದ್ದವು. ಚಟ್ನಿ ಇರಲಿಲ್ಲ.

“ವೈನಿ, ಚಟ್ನಿ?”

ಗಿಡ್ಡ ಗೋಡೆಯಾಚೆ ಚಟ್ನಿಯ ಬಟ್ಟಲು ಅವರ ಕೈಗೆ ತಾಗುವಂತೆಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. “ಎದ್ದ ಬಂದ ತಗೋರಿ ಸಾಹೇಬ್ರ” ಎಂದರು. ಅವರ ಪಕ್ಕದಲ್ಲಿದ್ದ ಅವ್ವ ಬಗ್ಗಿದಳು.

ನಾನು ಎದ್ದುಹೋಗಿ ಹಾಕಿಕೊಂಡೆ. ಮರುದಿನವೂ ನನ್ನ ತಾಟಿನಲ್ಲಿ ಚಟ್ನಿ ಇರಲಿಲ್ಲ. ಅಣ್ಣನ ತಾಟಿನಲ್ಲೂ ಇರಲಿಲ್ಲ. ಅವನು ನನ್ನ ಮುಖ ನೋಡಿದ, ಒಲೆಯ ಕಡೆ ನೋಡಿದ, ಕೂಗಲೆಂದು ತೆರೆದ ಬಾಯಿ ಮುಚ್ಚಿದ. ಆಮೇಲೆ ಧೋತರ ಸರಿಪಡಿಸಿಕೊಂಡು ನಿಧಾನವಾಗಿ ಎದ್ದು, ವೈನಿ ಬಿಡಿಸಿದ್ದ ಆ ದಾರಿಯಲ್ಲಿ ನಡೆದ.