ಆರ್ಡಿಸ್ ವಾಪಸು ಕೇಳಿದ ತೋಟಾಗಳು

ಲೈಲ್ ಟಾಲೆಫ್ಸನ್‌ನ ಕೋವಿ ಸಿಡಿದಾಗ ನಾನು ಕೋವಿ ಊರಿ ಹಾರಿಸುವ ಪಕ್ಕದ ಮೇಜಿನ ಮುಂದೆ ಕೂತಿದ್ದೆ. ಎಲ್ಕ್ ಜಿಂಕೆಗಳ ಬೇಟೆ ಮುಂದಿನ ಶನಿವಾರ ಶುರುವಾಗುವುದಿತ್ತು. ಊರಾಚೆಯ ಬಯಲಿನಲ್ಲಿ ಎಲ್ಲರಂತೆ ನಾವೂ ಕೋವಿಯ ಗುರಿ ಸರಿಪಡಿಸಿಕೊಳ್ಳುತ್ತಿದ್ದೆವು. ಬಂದದ್ದು ಗುಂಡಿನ ಸದ್ದಲ್ಲ, ಕಬ್ಬಿಣ ಹರಿದ ಸದ್ದು. ಮರದ ಚೂರು ನನ್ನ ಟೋಪಿಗೆ ಬಡಿಯಿತು. ತಿರುಗಿ ನೋಡಿದರೆ ಲೈಲ್‌ನ ಕೈಯಲ್ಲಿ ಅರ್ಧ ಕೋವಿ ಮಾತ್ರ ಇತ್ತು, ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು.

ಹಿಂದೆ ಪಿಕಪ್ ಗಾಡಿಯಲ್ಲಿದ್ದ ಅವನ ಹೆಂಡತಿ ಆರ್ಡಿಸ್ ಓಡಿಬಂದಳು. "ಕಣ್ಣು ತೋರಿಸು. ಲೈಲ್, ನನ್ನ ಕಡೆ ನೋಡು, ಕಣ್ಣು ತೋರಿಸು!"

ಕಣ್ಣು ಉಳಿದಿತ್ತು. ಅವನ ದಪ್ಪ ಕನ್ನಡಕ ಮಾತ್ರ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು.

ಮೊಂಟಾನಾದ ನಮ್ಮ ಊರಿನಲ್ಲಿ ಅಂಗಡಿಯ ತೋಟಾ ಕೊಳ್ಳುವವರು ಕಡಿಮೆ. ಹಾರಿಸಿದ ಹಿತ್ತಾಳೆಯ ಖೋಲನ್ನು ಹೆಕ್ಕಿ ತಂದು, ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುತ್ತೇವೆ. ಅದನ್ನು ಕಲಿಯಬೇಕೆಂದವರೆಲ್ಲ ಮೊದಲು ಹೋಗುತ್ತಿದ್ದದ್ದು ಲೈಲ್ ಬಳಿಗೆ. ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದ ಮನುಷ್ಯ. ಮಾತು ಕಡಿಮೆ, ತಾಳ್ಮೆ ಜಾಸ್ತಿ. ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಗಂಡನ ನೆಲಮಾಳಿಗೆಗೆ ಅವಳು ಕಾಲಿಡುತ್ತಿರಲಿಲ್ಲ. "ನನ್ನ ಒಲೆ ಹತ್ರ ಅವನು ಬರಲ್ಲ, ಅವನ ಮದ್ದಿನ ಹತ್ರ ನಾನು ಹೋಗಲ್ಲ. ಅದಕ್ಕೇ ಇನ್ನೂ ಮದುವೆ ಉಳಿದಿದೆ" ಎನ್ನುತ್ತಿದ್ದಳು.

ಆ ದಿನ ಇಳಿದಳು. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಲೈಲ್‌ನನ್ನು ಸೋಫಾದಲ್ಲಿ ಕೂರಿಸಿ, ನನ್ನನ್ನು ಕರೆದುಕೊಂಡು ಕೆಳಗೆ ಹೋದಳು.

ನಾನು ದೀಪ ಹಾಕಿ, ಅವನು ತೋಟಾ ತುಂಬುವ ಮೇಜಿನ ಬಳಿ ಹೋದೆ. ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಮೇಜಿನ ಮೇಲಿರಬೇಕು ಅನ್ನುವುದು ನಮಗೆಲ್ಲ ಲೈಲ್ ಕಲಿಸಿದ ಮೊದಲ ಪಾಠ. ಅಲ್ಲಿ ಎರಡು ಡಬ್ಬಿ ಬಾಯಿ ತೆರೆದು ನಿಂತಿದ್ದವು. ಅಳತೆಯ ಲಾಳಿಕೆಯೊಳಗೆ ಕಡ್ಡಿ ಕಡ್ಡಿಯಂಥ ಮದ್ದೂ ಸಾಸಿವೆಯಂಥ ಮದ್ದೂ ಬೆರೆತಿದ್ದವು. ತಕ್ಕಡಿಯ ಮೇಲೆ ಧೂಳು ಕೂತಿತ್ತು.

"ಏನಾಗಿದೆ ಗಸ್? ನನಗೆ ಅರ್ಥವಾಗೋ ಹಾಗೆ ಹೇಳು."

"ತೂಕ ನೋಡದೆ ತುಂಬಿದ್ದಾನೆ. ಅದೂ ಎರಡು ಬಗೆಯ ಮದ್ದು ಬೆರೆಸಿ. ಅದಕ್ಕೇ ಕೋವಿ ಸಿಡಿದದ್ದು."

"ಲೈಲ್ ಹಾಗೆ ಮಾಡಲ್ಲ."

"ಮಾಡಲ್ಲ. ಆದ್ರೆ ಮಾಡಿದ್ದಾನೆ."

ಮೇಲೆ ಬಂದಾಗ ಲೈಲ್ ಕನ್ನಡಿಯ ಮುಂದೆ ನಿಂತಿದ್ದ. ಪಟ್ಟಿಯನ್ನು ಬೆರಳಿನಿಂದ ಮುಟ್ಟುತ್ತ, "ಆರ್ಡಿಸ್, ನನ್ನ ಕೆನ್ನೆಗೆ ಏನಾಯ್ತೇ?" ಎಂದು ಕೇಳಿದ.

ತಮಾಷೆ ಎಂದುಕೊಂಡು ನಾನು ನಗಲು ಹೋದೆ. ಆರ್ಡಿಸ್ ನಗಲಿಲ್ಲ. ಅವನ ಬೆರಳನ್ನು ಪಟ್ಟಿಯಿಂದ ಸರಿಸಿ, "ಗಸ್, ಅವನು ಈ ವರ್ಷ ಯಾರಿಗೆಲ್ಲ ತೋಟಾ ಕೊಟ್ಟಿದ್ದಾನೆ?" ಎಂದಳು. ನಾನು ಯೋಚಿಸಿಯೇ ಇರದ ಪ್ರಶ್ನೆ. ಪ್ರತಿ ವರ್ಷ ಬೇಟೆಗೆ ಮುಂಚೆ ಸ್ನೇಹಿತರಿಗೆಲ್ಲ ಒಂದೊಂದು ಡಬ್ಬಿ ಹಂಚುವುದು ಅವನ ಪದ್ಧತಿ.

"ಅಂಗಡಿಯಿಂದ ಮದ್ದೇ ಕೆಟ್ಟು ಬಂದಿತ್ತು ಅಂತ ಹೇಳೋಣ" ಎಂದೆ, ಲೈಲ್‌ನ ಮಾನ ಉಳಿಯಲೆಂದು.

"ಹಾಗಂದ್ರೆ ತಮ್ಮ ಡಬ್ಬಿ ಸರಿಯಾಗೇ ಇದೆ ಅಂತ ಅರ್ಧ ಜನ ವಾಪಸ್ ಕೊಡಲ್ಲ. ನಡಿ."

ಕೆಫೆಯಲ್ಲಿ ಭಾನುವಾರದ ಜನ ತುಂಬಿತ್ತು. ಆರ್ಡಿಸ್ ಕೋಟು ಕೂಡ ತೆಗೆಯದೆ ನಡುವೆ ನಿಂತಳು. "ಲೈಲ್ ಕೊಟ್ಟ ತೋಟಾ ಯಾರೂ ಹಾರಿಸಬೇಡಿ. ಅವನಿಗೆ ನೆನಪು ಕೈಕೊಡ್ತಿದೆ. ಇವತ್ತೇ ಎಲ್ಲ ವಾಪಸ್ ಕೊಡಿ."

ಹಸು ಸಾಕುವ ಡೆಲ್ಬರ್ಟ್ ರಾಸ್ಕ್ ನಕ್ಕ. "ಏನಮ್ಮಾ ತಾಯಿ, ಲೈಲ್ ಕೈಗುಣ ನಂಬದೆ ನಿನ್ನ ಮಾತು ನಂಬ್ಲಾ? ನೀನು ಆಲೂಗಡ್ಡೆ ಬೇಯಿಸ್ದೋಳು."

"ನಿನ್ನ ಡಬ್ಬಿ ಗಾಡಿಯಲ್ಲಿದ್ಯಾ? ತಗೊಂಡ್ ಬಾ. ಗಸ್, ಬಿಚ್ಚು."

ತೋಟಾ ಬಿಚ್ಚಲು ಸುತ್ತಿಗೆಯ ಆಕಾರದ ಪ್ಲಾಸ್ಟಿಕ್ ಸಾಧನವೊಂದಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ನಾನು ಹೊರಗೆ ಸಿಮೆಂಟು ಕಟ್ಟೆಯ ಮೇಲೆ ಬಡಿದೆ. ಜನ ಸುತ್ತ ನೆರೆದಿತ್ತು. ಮೊದಲನೆಯದರಲ್ಲಿ ಎರಡೂ ಬಗೆಯ ಮದ್ದು, ಬಾಯಿಯವರೆಗೆ. ಎರಡನೆಯದರಲ್ಲಿ ಗುಂಡು ಮಾತ್ರ ಬಿತ್ತು. ಮದ್ದೇ ಇರಲಿಲ್ಲ.

ಡೆಲ್ಬರ್ಟ್‌ನ ಮುಖ ಸುಣ್ಣದಂತಾಯಿತು. ಮದ್ದಿಲ್ಲದ ತೋಟಾದಲ್ಲಿ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಮಾತ್ರ ಸಿಡಿದು ಗುಂಡು ನಳಿಗೆಯ ನಡುವೆ ಸಿಕ್ಕಿಬೀಳುತ್ತದೆ. ಅದರ ಹಿಂದೆಯೇ ಇನ್ನೊಂದು ಹಾರಿಸಿದರೆ ಕೋವಿ ಸಿಡಿಯುತ್ತದೆ. ಅವನು ನನ್ನ ತೋಳು ಹಿಡಿದ. "ಗಸ್... ನಿನ್ನ ಮಗಳೂ ಲೈಲ್ ಹತ್ರ ಒಂದು ಡಬ್ಬಿ ಇಸ್ಕೊಂಡು ಹೋದ್ಲಲ್ಲೋ. ನಾನೂ ಅಲ್ಲೇ ಇದ್ದೆ."

ನನ್ನ ಮಗಳು ಮಾರ್ಲಿಸ್ ಹಿಂದಿನ ದಿನವೇ ಬೇಟೆಯ ಡೇರೆ ಹಾಕಲು ಕುದುರೆ ಹೊಡೆದುಕೊಂಡು ಬೆಟ್ಟಕ್ಕೆ ಹೋಗಿದ್ದಳು. ಅಲ್ಲಿ ಫೋನು ಸಿಗುವುದಿಲ್ಲ. ಅವಳು ಅಂಗಡಿಯ ತೋಟಾ ಒಯ್ದಿದ್ದಾಳೆ ಎಂದೇ ನಾನು ತಿಳಿದಿದ್ದೆ. ನಾನು ಗಾಡಿಗೆ ಓಡಿದೆ. ಆರ್ಡಿಸ್ ಬೀಗದ ಕೈ ಕಿತ್ತುಕೊಂಡು ತಾನೇ ಓಡಿಸಿದಳು. ದಾರಿ ಮುಗಿದ ಮೇಲೆ ಹಿಮದಲ್ಲಿ ನಡೆದೆವು. ನಾನು ಕೂಗುತ್ತಲೇ ಹೋದೆ. ಉತ್ತರವಾಗಿ ಗುಂಡಿನ ಸದ್ದು ಬಂದೀತೆಂಬ ಹೆದರಿಕೆಗೆ ಪ್ರತಿ ಕೂಗಿನ ನಂತರ ನಿಂತು ಕಿವಿಗೊಡುತ್ತಿದ್ದೆ.

ಮಾರ್ಲಿಸ್ ಬೆಂಕಿಯ ಮುಂದೆ ಕೂತು ಬೀನ್ಸ್ ತಿನ್ನುತ್ತಿದ್ದಳು. ಕೋವಿ ಮರಕ್ಕೆ ಒರಗಿತ್ತು.

"ಏನಪ್ಪಾ, ಇಷ್ಟು ಬೇಗ ಬಂದ್ರಿ? ಕರಡಿ ಅಟ್ಟಿಸ್ಕೊಂಡು ಬಂತಾ?"

"ಹಾರಿಸಿದ್ಯಾ? ಹೇಳೇ, ಹಾರಿಸಿದ್ಯಾ?"

"ಒಂದೇ. ಟಪ್ ಅಂತು, ಅಷ್ಟೆ. ಸದ್ದು ಸಣ್ಣದಾದ್ರೆ ಕೈ ತೆಗಿ, ನಳಿಗೆ ನೋಡದೆ ಇನ್ನೊಂದು ಹಾಕ್ಬೇಡ ಅಂತ ಲೈಲ್ ತಲೆ ಮೇಲೆ ಮೊಟಕಿ ಕಲಿಸಿಲ್ವಾ? ನೋಡಿದೆ. ಗುಂಡು ಒಳಗೇ ಕೂತಿದೆ. ನನ್ನ ಬೇಟೆ ಹಾಳಾಯ್ತು."

ಆರ್ಡಿಸ್ ಹಿಮದ ಮೇಲೆಯೇ ಕುಸಿದು ಕೂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ತೋಟಾಗಳೆಲ್ಲ ವಾಪಸಾದವು. ಲೈಲ್‌ನ ನೆಲಮಾಳಿಗೆಯ ಮದ್ದು, ಕೇಪುಗಳನ್ನು ಡೆಲ್ಬರ್ಟ್ ಹೊತ್ತೊಯ್ದ. ದೊಡ್ಡ ಊರಿನ ಡಾಕ್ಟರು ಲೈಲ್‌ನನ್ನು ಪರೀಕ್ಷಿಸಿ, ಈ ಮರೆವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದರು. ಲೈಲ್ ಆಮೇಲೂ ನೆಲಮಾಳಿಗೆಗೆ ಹೋಗುತ್ತಿದ್ದ. ಖಾಲಿ ಖೋಲುಗಳನ್ನು ಒರೆಸಿ, ಒಂದೊಂದನ್ನೂ ತೋಟಾ ತುಂಬುವ ಒತ್ತುಯಂತ್ರಕ್ಕಿಟ್ಟು ಅದರ ಹಿಡಿ ಎಳೆಯುತ್ತಿದ್ದ. ಆರ್ಡಿಸ್ ಈಗ ಹೆಣಿಗೆ ಹಿಡಿದುಕೊಂಡು ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು.

ಮಾರ್ಚ್‌ನಲ್ಲೊಂದು ಮಧ್ಯಾಹ್ನ ಅವನು ತಿರುಗಿ ಅವಳನ್ನು ನೋಡಿದ. "ನೀವು ಹೊಸದಾಗಿ ಕಲಿಯೋಕೆ ಬಂದವ್ರಾ?"

ಅವಳು ಹೆಣಿಗೆ ಬದಿಗಿಟ್ಟು "ಹೌದು" ಎಂದಳಂತೆ.

"ಮೊದಲು ಮದ್ದಿನ ಅಳತೆ ಹೇಳೋ ಪುಸ್ತಕ ತಗೊಳ್ಳಿ, ಪೂರ್ತಿ ಓದಿ. ಆಮೇಲೆ ಈ ಯಂತ್ರ, ನಿಮ್ಮ ಕೋವಿಗೆ ಸರಿಯಾದ ಅಚ್ಚು, ಖೋಲಿನ ಉದ್ದ ನೋಡೋ ಅಳತೆ. ಯಂತ್ರ ಅಗ್ಗದ್ದಾದ್ರೂ ನಡೀತದೆ, ತಕ್ಕಡಿ ಮಾತ್ರ ಒಳ್ಳೇದಿರ್ಲಿ. ಕನ್ನಡಕ ಹಾಕ್ಕೊಳ್ದೆ ಕೂರ್ಬೇಡಿ. ಮನೇಲಿ ಯಾರಾದ್ರೂ ಇದ್ದಾರಾ ನಿಮಗೆ?"

"ಇದ್ದಾರೆ."

"ಹಾಗಾದ್ರೆ ಇನ್ನೂ ಹುಷಾರಾಗಿರಿ."

ಅಂದು ಸಂಜೆ ಆರ್ಡಿಸ್ ನಮ್ಮ ಮನೆಗೆ ನಡೆದು ಬಂದು ಇದನ್ನು ಹೇಳಿದಳು. ಮಾರ್ಲಿಸ್ ಕಾಫಿ ತಂದಿಟ್ಟಳು. "ಆ ಪುಸ್ತಕ ನಿನ್ನ ಹತ್ರ ಇದ್ಯಾ ಗಸ್? ನಾಳೆ ಅವನು ಕೇಳಿದ್ರೆ ಓದಿರ್ಬೇಕಲ್ಲ" ಎಂದಳು ಆರ್ಡಿಸ್.